ಅಭಿಮಾನದ ಗರಡಿ: ಬೀಳಗಿ ಸೀಮೆಯ ಕಲಾಪರಂಪರೆ ಮತ್ತು ಹೊಸ ತಲೆಮಾರಿನ ಸಿನಿಮಾ

ಸಿನಿಮಾ ಮಾಡಬಯಸುವ ಇಂದಿನ ತರುಣರ ಪ್ರೇರಣೆಗಳನ್ನು ವಿಚಾರಿಸಿದರೆ ಎರಡು ಸಂಗತಿಗಳು ಮತ್ತೆ ಮತ್ತೆ ಮುಂದೆ ಬರುತ್ತವೆ. ಒಂದು, ನಟನೊಬ್ಬನ, ನಿರ್ದೇಶಕನೊಬ್ಬನ ಇಲ್ಲವೆ ಕಥಾಲೋಕವೊಂದರ ಮೇಲಿನ ಕಡು ಅಭಿಮಾನ. ಇನ್ನೊಂದು, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆಡುತ್ತ ಬೆಳೆದ ವಿಡಿಯೊ ಗೇಮ್. ಹಿರಿಯರ ಕಣ್ಣಿಗೆ ಮೊದಲನೆಯದು ಹುಚ್ಚು, ಎರಡನೆಯದು ಚಟ. ಕಲೆಗೆ ಬೇಕಾದ ಏಕಾಗ್ರತೆಯನ್ನು ಇವೆರಡೂ ಕೆಡಿಸುತ್ತವೆ ಎಂಬ ಭಾವನೆ ಇನ್ನೂ ಬಲವಾಗಿಯೇ ಇದೆ. ಆದರೆ ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿ ಮತ್ತು ರಬಕವಿ-ಬನಹಟ್ಟಿ ಸೀಮೆಯ ಕಲಾಚರಿತ್ರೆಯನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ, ಅಭಿಮಾನವೂ ಆಟವೂ ಇಲ್ಲಿ ಸಾವಿರ ವರ್ಷಗಳಿಂದ ಕಲೆಯ ಒಳಗೇ ಕೆಲಸ ಮಾಡಿಕೊಂಡು ಬಂದಿರುವುದು ಕಂಡುಬರುತ್ತದೆ. ಗರಡಿಗೆ ಇಳಿದ ಪೈಲ್ವಾನನು ವಸ್ತಾದಿಯ, ಎಂದರೆ ಗುರುವಿನ, ಪಟ್ಟುಗಳನ್ನು ಮೈಗೂಡಿಸಿಕೊಂಡ ಮೇಲಷ್ಟೇ ತನ್ನದೊಂದು ಪಟ್ಟು ಕಟ್ಟುವಂತೆ, ಅಭಿಮಾನಿಯೂ ಮೆಚ್ಚಿದ್ದನ್ನು ಮರಳಿ ಮರಳಿ ಮಾಡಿ, ಅದರ ಒಳಗಿನ ನಿಯಮವನ್ನು ಅರಿತು, ಕೊನೆಗೆ ಅದನ್ನು ಮೀರುವುದರಿಂದ ಕಲಾವಿದನಾಗುತ್ತಾನೆ. ಮೆಚ್ಚುಗೆಯನ್ನು ಸೃಷ್ಟಿಯಾಗಿ ಮಾರ್ಪಡಿಸುವುದು ಈ ಅಭ್ಯಾಸದ ಶ್ರಮವೇ ಎಂಬುದನ್ನು ಈ ಸೀಮೆಯ ಉದಾಹರಣೆಗಳು ಸ್ಪಷ್ಟವಾಗಿ ತೋರಿಸುತ್ತವೆ.

ಬೀಳಗಿಯ ಇಬ್ಬರು ಸಹೋದರಿಯರು

ಭಾರತೀಯ ಸಿನಿಮಾದ ಚರಿತ್ರೆಯಲ್ಲಿ ಬೀಳಗಿಯ ಹೆಸರು ಅಮೀರಬಾಯಿ ಕರ್ನಾಟಕಿಯವರ ಮೂಲಕ ಉಳಿದಿದೆ. ಆಗಿನ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಹುಟ್ಟಿದ ಅವರು ಎಳೆಯ ಪ್ರಾಯದಲ್ಲೇ ಮುಂಬೈ ಸೇರಿ, 1930ರ ದಶಕದ ಮೊದಲರ್ಧದಲ್ಲಿ ಚಲನಚಿತ್ರಗಳಲ್ಲಿ ನಟಿಸತೊಡಗಿದರು. ನಟರು ತಮ್ಮ ಹಾಡನ್ನು ತಾವೇ ಹಾಡಬೇಕಾಗಿದ್ದ ಕಾಲ ಅದು. ಹಿನ್ನೆಲೆ ಗಾಯನ, ಎಂದರೆ ಒಬ್ಬರು ಹಾಡಿದ್ದನ್ನು ಮೊದಲೇ ಮುದ್ರಿಸಿಕೊಂಡು ಪರದೆಯ ಮೇಲೆ ಇನ್ನೊಬ್ಬರು ತುಟಿ ಕೂಡಿಸುವ ಪದ್ಧತಿ, ಆಗಷ್ಟೇ ಬೇರೂರುತ್ತಿತ್ತು. ಆ ಹೊಸ ಪದ್ಧತಿಯ ಮೊದಲ ಸಾಲಿನ ಗಾಯಕಿಯರಲ್ಲಿ ಅಮೀರಬಾಯಿ ಒಬ್ಬರಾದರು. ಅನಿಲ್ ಬಿಸ್ವಾಸ್ ಸಂಗೀತ ನೀಡಿದ ‘ಕಿಸ್ಮತ್’ (1943) ಮತ್ತು ನೌಷಾದ್ ಸಂಗೀತದ ‘ರತನ್’ (1944) ಅವರ ಧ್ವನಿಯನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿದವು. ‘ಕನ್ನಡ ಕೋಗಿಲೆ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. 1965ರಲ್ಲಿ ತೀರಿಕೊಂಡ ಅವರ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆ, ಮರೆವಿಗೆ ಸಂದಿದ್ದ ಈ ಕಲಾವಿದೆಯನ್ನು ಕನ್ನಡ ಓದುಗರಿಗೆ ಮತ್ತೆ ಪರಿಚಯಿಸಿತು.

ಅಭಿಮಾನದ ಚರ್ಚೆಗೆ ಇನ್ನೂ ಹತ್ತಿರವಾದದ್ದು ಅವರ ಸಹೋದರಿ ಗೋಹರಬಾಯಿ ಕರ್ನಾಟಕಿಯವರ ಕಥೆ. ಬಾಲಗಂಧರ್ವ ಎಂದೇ ಪ್ರಸಿದ್ಧರಾದ ನಾರಾಯಣ ಶ್ರೀಪಾದ ರಾಜಹಂಸ (1888–1967) ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದ ನಟ. 1913ರಲ್ಲಿ ಕಟ್ಟಿದ ಗಂಧರ್ವ ನಾಟಕ ಮಂಡಳಿಯ ಜೀವಾಳ. ಸಂಗೀತ ನಾಟಕವೆಂದರೆ ಮಾತಿನಷ್ಟೇ ಹಾಡಿಗೂ ಪ್ರಾಧಾನ್ಯವಿರುವ, ಹಿಂದೂಸ್ತಾನಿ ರಾಗಗಳ ಮೇಲೆ ನಿಂತ ರಂಗಪ್ರಕಾರ. ಗೋಹರಬಾಯಿ ಬಾಲಗಂಧರ್ವರ ಗಾಯನದ ಕಡು ಅಭಿಮಾನಿಯಾಗಿದ್ದರು. ಅವರ ಶೈಲಿಯನ್ನು ಮೈಗೂಡಿಸಿಕೊಂಡು ಅವರಂತೆಯೇ ಹಾಡುವುದರಲ್ಲಿ ಹೆಸರಾಗಿದ್ದರು. ಗ್ರಾಮಫೋನ್ ಮುದ್ರಿಕೆಗಳು ಮನೆಮನೆಗೆ ಬರತೊಡಗಿದ್ದ ಆ ಕಾಲದಲ್ಲಿ, ಗುರುವಿನ ಎದುರು ಕೂರದೆಯೂ ಒಂದೇ ಹಾಡನ್ನು ಬೇಕಾದಷ್ಟು ಸಲ ಕೇಳಿ ಕಲಿಯುವ ದಾರಿ ಮೊದಲ ಬಾರಿಗೆ ತೆರೆದಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಗೋಹರಬಾಯಿ ಬಾಲಗಂಧರ್ವರ ರಂಗಭೂಮಿಗೆ ಬಂದು ಸೇರಿದರು. ವಯಸ್ಸು ಮೀರುತ್ತಿದ್ದ ಮೇರುನಟ ತಾನು ಆಳಿದ್ದ ಸ್ತ್ರೀಪಾತ್ರಗಳ ಲೋಕದಲ್ಲಿ, ಆ ಪಾತ್ರಗಳ ಹಾಡುಗಾರಿಕೆಯನ್ನು ಅಭಿಮಾನದಿಂದ ಕಲಿತ ಹೆಣ್ಣೊಬ್ಬಳು ಕಾಣಿಸಿಕೊಂಡಳು. ಮುಂದೆ ಇಬ್ಬರೂ ಬಾಳಸಂಗಾತಿಗಳಾದರು.

ಈ ಪ್ರಸಂಗದ ಒಳಗೆ ಸೂಕ್ಷ್ಮವಾದ ಒಂದು ತಿರುವಿದೆ. ಬಾಲಗಂಧರ್ವರು ಹೆಣ್ಣನ್ನು ಅನುಕರಿಸಿದ ಗಂಡಾಗಿದ್ದರೆ, ಗೋಹರಬಾಯಿ ಆ ಅನುಕರಣೆಯನ್ನೇ ಅನುಕರಿಸಿದ ಹೆಣ್ಣಾಗಿದ್ದರು. ಹೀಗೆ ಅನುಕರಣೆ ಎರಡು ಸುತ್ತು ತಿರುಗಿ ಬಂದಾಗ, ಮೂಲ ಯಾವುದು ನೆರಳು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಮೆಚ್ಚಿದ ನಟನ ನಡಿಗೆ, ಮಾತು, ನೋಟಗಳನ್ನು ಅನುಕರಿಸಿ ಚಿಕ್ಕ ಚಿಕ್ಕ ವಿಡಿಯೊ ಮಾಡುವ ಇಂದಿನ ತರುಣರನ್ನು ನಕಲು ಮಾಡುವವರು ಎಂದು ತಳ್ಳಿಹಾಕುವ ಮುನ್ನ, ಇಂಥದೇ ಅಭ್ಯಾಸದಿಂದ ಬೀಳಗಿಯ ಹೆಣ್ಣುಮಗಳೊಬ್ಬಳು ಒಂದು ಭಾಷೆಯ ರಂಗಭೂಮಿಯ ಚರಿತ್ರೆಯೊಳಗೆ ಪ್ರವೇಶ ಪಡೆದಳೆಂಬುದನ್ನು ನೆನೆಯಬೇಕು.

ರನ್ನನೆಂಬ ಓದುಗ

ಅಭಿಮಾನದಿಂದ ಹುಟ್ಟಿದ ಹೊಸ ಕೃತಿಗೆ ಈ ಸೀಮೆಯಲ್ಲಿರುವ ಅತಿ ಹಳೆಯ ನಿದರ್ಶನ ಮುಧೋಳದ ರನ್ನನದು. ಕ್ರಿ.ಶ. 949ರಲ್ಲಿ ಅಂದಿನ ಮುದುವೊಳಲಿನಲ್ಲಿ, ಬಳೆಗಾರರ ಮನೆತನದಲ್ಲಿ ಹುಟ್ಟಿದ ಈ ಕವಿ ಚಾಲುಕ್ಯ ದೊರೆ ಇಮ್ಮಡಿ ತೈಲಪನ ಮತ್ತು ಅವನ ಮಗ ಸತ್ಯಾಶ್ರಯನ ಆಸ್ಥಾನದಲ್ಲಿ ಬೆಳಗಿದವನು. ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅವನ ‘ಸಾಹಸಭೀಮ ವಿಜಯ’, ಎಂದರೆ ಗದಾಯುದ್ಧ, ಪಂಪನ ‘ವಿಕ್ರಮಾರ್ಜುನ ವಿಜಯ’ದ ಹದಿಮೂರನೆಯ ಆಶ್ವಾಸದ ವಸ್ತುವನ್ನು ಆಧರಿಸಿದ ಕಾವ್ಯ. ಆಶ್ವಾಸವೆಂದರೆ ಚಂಪೂಕಾವ್ಯದ ಅಧ್ಯಾಯ. ಪಂಪನಲ್ಲಿ ಒಂದು ಆಶ್ವಾಸದೊಳಗೆ ಮುಗಿದ ಪ್ರಸಂಗವನ್ನು ರನ್ನ ಹತ್ತು ಆಶ್ವಾಸಗಳ ಕಾವ್ಯವಾಗಿ ಹಿಗ್ಗಿಸಿದ. ಪಂಪನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದರೆ, ರನ್ನನು ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ನಾಯಕನನ್ನೇ ಬದಲಿಸಿದ. ಮೆಚ್ಚಿದ ಕೃತಿಯ ಒಂದು ಮೂಲೆಯನ್ನು ಆರಿಸಿಕೊಂಡು, ಅಲ್ಲಿ ಬದಿಗೆ ನಿಂತಿದ್ದ ಪಾತ್ರವನ್ನು ನಡುವಿಗೆ ತಂದು ಹೊಸ ಕಥೆ ಕಟ್ಟುವ ಇಂದಿನ ಅಭಿಮಾನಿ ಬರಹಗಾರರ ಕ್ರಮಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಅಮೆರಿಕದ ವಿದ್ವಾಂಸ ಹೆನ್ರಿ ಜೆಂಕಿನ್ಸ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭಿಮಾನಿಗಳನ್ನು ಸುಮ್ಮನೆ ಸ್ವೀಕರಿಸುವ ಗ್ರಾಹಕರೆಂದು ನೋಡದೆ, ಪಠ್ಯಗಳೊಳಗೆ ನುಗ್ಗಿ ತಮಗೆ ಬೇಕಾದುದನ್ನು ಹೊತ್ತು ತಂದು ಮರುರಚಿಸುವವರೆಂದು ವಿವರಿಸಿದ್ದಾರೆ. ಕನ್ನಡದಲ್ಲಿ ಅಂಥ ಅಭಿಮಾನಿಗೆ ಹತ್ತನೆಯ ಶತಮಾನದಷ್ಟು ಹಿಂದಿನ ಪೂರ್ವಜನಿದ್ದಾನೆ.

ಸಿನಿಮಾ ವಿದ್ಯಾರ್ಥಿಗೆ ರನ್ನನು ಇನ್ನೊಂದು ಕಾರಣಕ್ಕೂ ಮುಖ್ಯ. ಯುದ್ಧದ ಕೊನೆಯ ಘಟ್ಟದಲ್ಲಿ ನಿಂತು ಇಡೀ ಭಾರತಕಥೆಯನ್ನು ಹಿಂದಿರುಗಿ ನೋಡುವ ‘ಸಿಂಹಾವಲೋಕನ ಕ್ರಮ’ವನ್ನು ಅವನು ಬಳಸಿದ್ದಾನೆ. ನಡೆದು ಮುಂದೆ ಸಾಗಿದ ಸಿಂಹ ತಿರುಗಿ ಹಿಂದೆ ನೋಡುವಂತೆ, ಕಥೆಯ ವರ್ತಮಾನದಿಂದ ಭೂತಕಾಲವನ್ನು ಬಿಡಿಬಿಡಿಯಾಗಿ ಬೆಳಗಿಸುವ ಈ ವಿಧಾನವನ್ನೇ ಸಿನಿಮಾದವರು ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಅದರಲ್ಲೂ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಲಕ್ಷಣಕುಮಾರ, ಕರ್ಣರ ಕಳೇಬರಗಳನ್ನು ಒಂದೊಂದಾಗಿ ಎದುರಿಸಿ, ಕೊನೆಗೆ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗುವ ಭಾಗದ ರಚನೆ ಗಮನಾರ್ಹ. ಪಾತ್ರವೊಂದು ಒಂದು ಭೂಭಾಗವನ್ನು ದಾಟುತ್ತದೆ, ಒಂದೊಂದು ತಾಣದಲ್ಲೂ ಹಳೆಯ ಕಥೆಯ ಒಂದು ತುಣುಕು ಬಿಚ್ಚಿಕೊಳ್ಳುತ್ತದೆ, ತಾಣ ದಾಟಿದಂತೆ ಮನಸ್ಸಿನ ಭಾರ ಹೆಚ್ಚುತ್ತದೆ. ಕಥಾಪ್ರಧಾನ ವಿಡಿಯೊ ಗೇಮ್‌ಗಳು ಆಟಗಾರನಿಗೆ ಕಥೆ ಹೇಳುವುದು ಬಹುಪಾಲು ಈ ಬಗೆಯಲ್ಲೇ.

ಪ್ರೇಕ್ಷಕನ ಪಾಲು

ಅಭಿಮಾನಿಯ ಗದ್ದಲ ಸಿನಿಮಾ ಮಂದಿರದಲ್ಲಿ ಹುಟ್ಟಿದ್ದೆಂದು ತಿಳಿಯುವುದು ತಪ್ಪು. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪ್ರಯೋಗದ ‘ಸಿದ್ಧಿ’ಯನ್ನು, ಎಂದರೆ ಪ್ರದರ್ಶನ ಫಲಿಸಿತೆಂಬುದರ ಗುರುತುಗಳನ್ನು ವಿವರಿಸುತ್ತದೆ. ಅಲ್ಲಿ ಪ್ರೇಕ್ಷಕರ ನಗೆಯ ಬಗೆಗಳು, ಮೆಚ್ಚುಗೆಯ ಉದ್ಗಾರ, ಮರುಕದ ಉದ್ಗಾರ, ಏರುವ ಕೋಲಾಹಲ ಇವು ಮಾತಿನ ಸಿದ್ಧಿಯೆಂದೂ, ರೋಮಾಂಚ, ಆಸನ ಬಿಟ್ಟು ಏಳುವುದು, ನಟರಿಗೆ ವಸ್ತ್ರ ಮತ್ತು ಉಂಗುರಗಳನ್ನು ಕೊಡುವುದು ಇವು ದೇಹದ ಸಿದ್ಧಿಯೆಂದೂ ವಿಂಗಡಣೆಗೊಂಡಿವೆ. ಶಿಳ್ಳೆ, ಕೇಕೆ, ಕಟೌಟಿಗೆ ಹಾಲಿನ ಅಭಿಷೇಕಗಳನ್ನು ಹೊಸ ಕಾಲದ ಅತಿರೇಕವೆಂದಷ್ಟೇ ಕಾಣುವವರಿಗೆ ಈ ಪಟ್ಟಿ ಬೇರೊಂದು ದೃಷ್ಟಿಯನ್ನು ಕೊಡುತ್ತದೆ.

ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ಸೀಮೆಯಲ್ಲಿ ಅಂಥ ಪಾಲುಗಾರ ಪ್ರೇಕ್ಷಕನನ್ನು ಬೆಳೆಸಿದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯಿಂದ ಹೊರಟು, ಕುಲಗೋಡ ತಮ್ಮಣ್ಣನ ಕೈಯಲ್ಲಿ ಜನರ ಆಟವಾಗಿ ರೂಪುಗೊಂಡ, ಬಯಲಾಟದ ಒಂದು ಬಗೆಯಾದ ಈ ಸಣ್ಣಾಟ, ಕೃಷ್ಣನು ಪಾರಿಜಾತದ ಹೂವನ್ನು ರುಕ್ಮಿಣಿಗೆ ಕೊಟ್ಟದ್ದರಿಂದ ಸತ್ಯಭಾಮೆಗೆ ಬಂದ ಮುನಿಸನ್ನು ಇಡೀ ರಾತ್ರಿ ಹಾಡಿ ಆಡಿಸುತ್ತದೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದೇನಾದೀತು ಎಂಬ ಕುತೂಹಲಕ್ಕೆ ಅಲ್ಲಿ ಜಾಗವಿಲ್ಲ. ಈ ಸಲದ ಸತ್ಯಭಾಮೆ ಹೇಗೆ ಮುನಿಯುತ್ತಾಳೆ, ದೂತಿಯು ಭಾಗವತನೊಡನೆ ಯಾವ ಹೊಸ ಮಾತು ಹೂಡುತ್ತಾಳೆ, ಕೊರವಂಜಿಯ ವೇಷದ ಕೃಷ್ಣನ ಕಣಿಯಲ್ಲಿ ಊರಿನ ಯಾವ ಸಂಗತಿ ನುಸುಳುತ್ತದೆ ಎಂಬುದೇ ಕುತೂಹಲ. ಹಾಡು ಮನಸ್ಸಿಗೆ ಬಂದರೆ ನೋಡುವವರು ಕೊಡುವ ಆಯೇರಿ, ಅಂದರೆ ಹಣ ಇಲ್ಲವೆ ಬಟ್ಟೆಯ ಉಡುಗೊರೆ, ಆಟದ ನಡುವೆಯೇ ಕೊಟ್ಟವರ ಹೆಸರಿನೊಂದಿಗೆ ಸಾರಲ್ಪಡುತ್ತದೆ. ಕಂಪನಿ ನಾಟಕಗಳ ಕಾಲಕ್ಕೆ ಇದರ ಜೊತೆಗೆ ‘ಒನ್ಸ್ ಮೋರ್’ ಎಂಬ ಕೂಗು ಸೇರಿಕೊಂಡು, ಮೆಚ್ಚಿದ ಹಾಡನ್ನು ಕಥೆ ನಿಲ್ಲಿಸಿ ಮತ್ತೆ ಹಾಡಿಸುವ ಅಧಿಕಾರವನ್ನು ಪ್ರೇಕ್ಷಕ ಪಡೆದ.

ಪಕ್ಷ ಕಟ್ಟುವ ಅಭಿಮಾನವೂ ಇಲ್ಲಿ ಹೊಸದಲ್ಲ. ಗೀಗೀ ಪದಗಳ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಮೇಳಗಳಲ್ಲಿ ಹರದೇಶಿಯವರು ಶಿವನ, ಅಂದರೆ ಗಂಡಿನ ಹಿರಿಮೆಯನ್ನು ಎತ್ತಿಹಿಡಿದರೆ ನಾಗೇಶಿಯವರು ಶಕ್ತಿಯ, ಅಂದರೆ ಹೆಣ್ಣಿನ ಹಿರಿಮೆಯನ್ನು ಎತ್ತಿಹಿಡಿಯುತ್ತಾರೆ. ದಪ್ಪು ಮತ್ತು ತುಂತುಣಿ ವಾದ್ಯಗಳ ಲಯಕ್ಕೆ ಒಂದು ಮೇಳ ಒಗಟಿನಂಥ ಸವಾಲು ಹಾಕುತ್ತದೆ. ಇನ್ನೊಂದು ಅದೇ ಹೊತ್ತಿನಲ್ಲಿ, ಅದೇ ಲಯದಲ್ಲಿ ಜವಾಬು ಕೊಡಬೇಕು. ಕೇಳುಗರೂ ಪಕ್ಷ ವಹಿಸುತ್ತಾರೆ. ಆದರೆ ಜಗಳ ಹಾಡಿನ ಚೌಕಟ್ಟನ್ನು ದಾಟುವುದಿಲ್ಲ, ಮತ್ತು ಎದುರಾಳಿಯ ಪುರಾಣಜ್ಞಾನವನ್ನು ಅರಿಯದೆ ಯಾರೂ ಗೆಲ್ಲಲಾರರು. ನಟರ ಹೆಸರಿನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ನಡೆಯುವ ಇಂದಿನ ಅಭಿಮಾನಿ ಕಾಳಗಗಳಿಗೂ ಈ ಸ್ಪರ್ಧೆಗೂ ಇರುವ ಅಂತರ ಇಲ್ಲಿಯೇ ಗೊತ್ತಾಗುತ್ತದೆ. ನಿಯಮವೂ ಕೌಶಲವೂ ಇದ್ದ ಸ್ಪರ್ಧೆ ಹೊಸ ಪದಗಳನ್ನು ಹುಟ್ಟಿಸಿತು. ಅವೆರಡೂ ಇಲ್ಲದ ಕಾಳಗದಿಂದ ಬೈಗುಳದ ಹೊರತು ಬೇರೇನೂ ಹುಟ್ಟುವುದಿಲ್ಲ.

ಆಟದ ವ್ಯಾಕರಣ

ಆಟವನ್ನು ಗಂಭೀರ ಅಧ್ಯಯನದ ವಸ್ತುವಾಗಿಸಿದವರಲ್ಲಿ ಪ್ರಮುಖ ಡಚ್ ಇತಿಹಾಸಕಾರ ಯೋಹಾನ್ ಹೌಸಿಂಗಾ. 1938ರ ತನ್ನ ಗ್ರಂಥದಲ್ಲಿ ಅವನು ಸಂಸ್ಕೃತಿಯೇ ಆಟದ ರೂಪದಲ್ಲಿ ಬೆಳೆಯುತ್ತದೆ ಎಂದು ವಾದಿಸಿದ. ಫ್ರಾನ್ಸಿನ ರೋಜೆ ಕಯ್ವಾ 1958ರಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ವೇಷ ಮತ್ತು ತಲೆಸುತ್ತಿನ ಸುಖ ಎಂಬ ನಾಲ್ಕು ಬಗೆಯಾಗಿ ವಿಂಗಡಿಸಿದ. ಈ ವಿಂಗಡಣೆಯಲ್ಲಿ ಕುಸ್ತಿ ಸ್ಪರ್ಧೆಗೆ, ಪಗಡೆ ಅದೃಷ್ಟಕ್ಕೆ, ಪಾರಿಜಾತ ವೇಷಕ್ಕೆ, ಜಾತ್ರೆಯ ತೊಟ್ಟಿಲು ತಲೆಸುತ್ತಿಗೆ ಸೇರುತ್ತವೆ. ವಿಡಿಯೊ ಗೇಮಿನ ವೈಶಿಷ್ಟ್ಯವೆಂದರೆ ಅದು ನಾಲ್ಕನ್ನೂ ಒಂದೇ ಪರದೆಯ ಮೇಲೆ ಬೆಸೆಯಬಲ್ಲದು. ಆಟಗಳನ್ನು ವಿದ್ವತ್ತಿನ ವಸ್ತುವಾಗಿ ಕಾಣುವ ದೃಷ್ಟಿ ಕನ್ನಡನಾಡಿಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿ ರಚನೆಯಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಮಣೆಯಾಟಗಳಿಗೇ ಮೀಸಲಾಗಿದೆ; ದೊರೆ ತಾನೇ ಹೊಸ ಆಟಗಳನ್ನು ಹೊಸೆದವನು.

ಗೇಮಿನ ತಂತ್ರಾಂಶದ ವಂಶಾವಳಿಯೂ ರಬಕವಿ-ಬನಹಟ್ಟಿಯ ನೇಕಾರರಿಗೆ ಪರಕೀಯವಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಮಗ್ಗದಲ್ಲಿ, ಯಾವ ಎಳೆ ಮೇಲೇಳಬೇಕು ಯಾವುದು ಕೆಳಗುಳಿಯಬೇಕು ಎಂಬುದನ್ನು ರಂಧ್ರವಿರುವ ರಟ್ಟುಗಳು ನಿರ್ಧರಿಸುತ್ತವೆ. ರಟ್ಟಿನ ಆ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣನಯಂತ್ರದ ಯೋಜನೆಗೆ ತೆಗೆದುಕೊಂಡ. ಕಂಪ್ಯೂಟರಿಗೆ ಆದೇಶ ಬರೆಯುವ ಪದ್ಧತಿಯ ಒಂದು ಬೇರು ಹೀಗೆ ಸೀರೆಯ ಅಂಚಿನಲ್ಲಿದೆ. ಸಣ್ಣ ಸಣ್ಣ ಆದೇಶಗಳ ಪುನರಾವರ್ತನೆಯಿಂದ ದೊಡ್ಡ ವಿನ್ಯಾಸ ಮೂಡುವ ತರ್ಕವನ್ನು ಮಗ್ಗದ ಮನೆಯಲ್ಲಿ ಕಂಡು ಬೆಳೆದ ಹುಡುಗನಿಗೆ ಗೇಮಿನ ರಚನೆ ಬೇರೆ ಲೋಕದ ವಿದ್ಯೆಯಾಗಿ ಕಾಣಬೇಕಿಲ್ಲ.

ಗೇಮ್ ಮತ್ತು ಸಿನಿಮಾ ಒಂದರಿಂದ ಇನ್ನೊಂದು ಕಲಿತ ಬಗೆಗೂ ಅಭಿಮಾನವೇ ಸೇತುವೆಯಾಗಿದೆ. 1989ರಲ್ಲಿ ಬಂದ ‘ಪ್ರಿನ್ಸ್ ಆಫ್ ಪರ್ಶಿಯ’ದ ರಾಜಕುಮಾರ ಅಷ್ಟು ಸಹಜವಾಗಿ ಓಡಿ ಜಿಗಿಯಲು ಕಾರಣ, ಅದರ ಕರ್ತೃ ಜೋರ್ಡನ್ ಮೆಕ್ನರ್ ತನ್ನ ತಮ್ಮನ ಓಟ ಮತ್ತು ಜಿಗಿತಗಳನ್ನು ವಿಡಿಯೊದಲ್ಲಿ ಹಿಡಿದು, ಚೌಕಟ್ಟು ಚೌಕಟ್ಟಾಗಿ ತಿದ್ದಿ ಚಿತ್ರವಾಗಿಸಿದ್ದು. ರೋಟೊಸ್ಕೋಪಿಂಗ್ ಎನ್ನುವ ಈ ವಿಧಾನದಲ್ಲೇ, ಕತ್ತಿವರಸೆಗಾಗಿ ಅವನು 1938ರ ರಾಬಿನ್ ಹುಡ್ ಚಿತ್ರದ ಕಾಳಗವನ್ನು ಆಧರಿಸಿದ. ಜಪಾನಿನ ಹಿದೆಯೊ ಕೊಜಿಮಾ 1987ರಲ್ಲಿ ‘ಮೆಟಲ್ ಗಿಯರ್’ ರೂಪಿಸುವಾಗ, ಸೆರೆಯಿಂದ ಪಾರಾಗುವ ಸೈನಿಕರ ಕಥೆಯುಳ್ಳ ‘ದ ಗ್ರೇಟ್ ಎಸ್ಕೇಪ್’ ಚಿತ್ರದಿಂದ ಪ್ರೇರಣೆ ಪಡೆದು, ಹೊಡೆದಾಟಕ್ಕಿಂತ ಅಡಗಿ ನುಸುಳುವುದಕ್ಕೆ ಬೆಲೆ ಕೊಡುವ ಹೊಸ ಆಟದ ಬಗೆಯನ್ನೇ ಬೆಳೆಸಿದ. ಇಬ್ಬರೂ ಮೊದಲು ಸಿನಿಮಾದ ಅಭಿಮಾನಿಗಳು. ಇಬ್ಬರೂ ಮೆಚ್ಚಿದ ದೃಶ್ಯವನ್ನು ಬಿಚ್ಚಿ, ಅದು ಕೆಲಸ ಮಾಡುವ ಬಗೆಯನ್ನು ಅಳೆದು, ಬೇರೆ ಮಾಧ್ಯಮಕ್ಕೆ ಕಸಿ ಮಾಡಿದವರು.

ಈಗ ಪ್ರವಾಹ ತಿರುಗಿದೆ. ಗೇಮ್ ಎಂಜಿನ್ ಎಂದರೆ ಆಟದೊಳಗಿನ ಬೆಳಕು, ನೆರಳು, ಚಲನೆಗಳನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಚಿತ್ರವಾಗಿಸುವ ತಂತ್ರಾಂಶ. 2019ರ ‘ದ ಮ್ಯಾಂಡಲೋರಿಯನ್’ ಸರಣಿ ಅಂಥ ಎಂಜಿನ್ ಬಳಸಿ, ನಟರ ಹಿಂದೆ ನಿಲ್ಲಿಸಿದ ಬೃಹತ್ ಎಲ್‌ಇಡಿ ಗೋಡೆಯ ಮೇಲೆ ಹಿನ್ನೆಲೆಯ ಲೋಕವನ್ನು ಮೂಡಿಸಿ ಚಿತ್ರೀಕರಿಸುವ ಪದ್ಧತಿಗೆ ಹೆಸರಾಯಿತು. ದೊಡ್ಡ ಬಂಡವಾಳದ ಆ ಗೋಡೆ ತಾಲ್ಲೂಕು ಮಟ್ಟದ ತರುಣನಿಗೆ ಎಟುಕದಿದ್ದರೂ, ಎಂಜಿನ್ ಎಟುಕುತ್ತದೆ. ಕಲಿಯುವವರಿಗೆ ಉಚಿತವಾಗಿ ಸಿಗುವ ಇಂಥ ತಂತ್ರಾಂಶದಲ್ಲಿ, ಕ್ಯಾಮೆರಾ ಎಲ್ಲಿಡಬೇಕು, ಪಾತ್ರ ಯಾವ ಕಡೆಯಿಂದ ಬರಬೇಕು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಪರೀಕ್ಷಿಸಿ ನೋಡಬಹುದು. ಕ್ಯಾಮೆರಾವನ್ನು ತಾನೇ ತಿರುಗಿಸುತ್ತ ಗೇಮ್ ಆಡಿದವನಿಗೆ ಒಂದು ದೃಶ್ಯವನ್ನು ಎಷ್ಟೋ ಕೋನಗಳಿಂದ ನೋಡುವ ರೂಢಿ ಮೊದಲೇ ಬಂದಿರುತ್ತದೆ. 1996ರಲ್ಲಿ ‘ಕ್ವೇಕ್’ ಎಂಬ ಗೇಮಿನ ಆಟಗಾರರು ಆಟದೊಳಗೇ ಒಂದು ಕಿರುಚಿತ್ರ ಮಾಡಿದಾಗ ಹುಟ್ಟಿದ ‘ಮಶಿನಿಮಾ’ ಪ್ರಕಾರ, ಎಂದರೆ ಗೇಮಿನ ಲೋಕವನ್ನೇ ಸೆಟ್ಟಾಗಿ ಬಳಸಿ ಸಿನಿಮಾ ಮಾಡುವುದು, ಈ ರೂಢಿಯಿಂದಲೇ ಬಂದದ್ದು.

ಕರ್ನಾಟಕಕ್ಕೆ ಇಲ್ಲಿ ಒಂದು ಮುನ್ನಡೆಯೂ ಇದೆ. ಭಾರತದ ಮೊದಲ ಗೇಮ್ ನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗೆ ಪ್ರತ್ಯೇಕ ನೀತಿಯನ್ನು ರಾಜ್ಯವು 2012ರಲ್ಲೇ ಪ್ರಕಟಿಸಿ, 2024–29ರ ಅವಧಿಗೆ ಮೂರನೆಯ ನೀತಿಯನ್ನು ತಂದಿದೆ. ಇದರೊಂದಿಗೆ ಒಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಹಣ ಪಣಕ್ಕಿಡುವ ಆನ್‌ಲೈನ್ ಆಟ ಬೇರೆ, ಕೌಶಲ ಮತ್ತು ಕಥೆಯ ವಿಡಿಯೊ ಗೇಮ್ ಬೇರೆ. ಆಗಸ್ಟ್ 2025ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಮೊದಲನೆಯದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ನೀಡಿದೆ. ಸಾಲಕ್ಕೆ ತಳ್ಳುವ ಜೂಜನ್ನು ಕುರಿತ ನ್ಯಾಯವಾದ ಭಯ, ಕಥೆ ಕಟ್ಟುವುದನ್ನು ಕಲಿಸುವ ಆಟದ ಮೇಲೂ ಹರಿಯಬಾರದು.

ಅಭಿಮಾನವನ್ನೇ ವಸ್ತುವಾಗಿಸಿದ ಕನ್ನಡ ಚಿತ್ರಗಳು

ಕನ್ನಡದ ಹೊಸ ನಿರ್ದೇಶಕರು ಅಭಿಮಾನವನ್ನು ಪ್ರೇರಣೆಯಾಗಿ ಬಳಸಿದ್ದಲ್ಲದೆ ಕಥಾವಸ್ತುವಾಗಿಯೂ ಪರಿಶೀಲಿಸಿದ್ದಾರೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಯುವಕನ ಬದುಕನ್ನೂ ತಾರೆಯೊಬ್ಬನ ಬದುಕನ್ನೂ ಕನಸಿನ ಮಾತ್ರೆಯ ಮೂಲಕ ಹೆಣೆದು, ಎರಡು ಲೋಕಗಳಲ್ಲಿ ಯಾವುದು ನಿಜವೆಂದು ಹುಡುಕುವ ಹೊಣೆಯನ್ನು ನೋಡುಗನಿಗೆ ವಹಿಸುತ್ತದೆ. ಪರದೆಯ ಆಚೆ ನಿಂತವನು ಪರದೆಯೊಳಗೆ ಹೋಗುವ ಆಸೆಯೇ ಇದರ ಎಂಜಿನ್. ಈ ಚಿತ್ರದ ಹಣಕಾಸೂ ವಸ್ತುವಿಗೆ ತಕ್ಕಂತಿತ್ತು. ನಿರ್ಮಾಪಕರು ಸಿಗದಾಗ ನಿರ್ದೇಶಕರು ನೇರವಾಗಿ ಪ್ರೇಕ್ಷಕರ ಮೊರೆಹೋದರು, 110 ಮಂದಿ ಸೇರಿ 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಬಯಲಾಟದ ಆಯೇರಿ ಆಟ ಮೆಚ್ಚಿದ ಮೇಲೆ ಬರುತ್ತಿತ್ತು. ಇಲ್ಲಿ ಅದು ಆಟ ಶುರುವಾಗುವ ಮೊದಲೇ ಬಂತು.

ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಇದಕ್ಕಿಂತ ಮೆಲುದನಿಯ ಚಿತ್ರ. ತಲೆಗೂದಲು ಉದುರಿದ ಕನ್ನಡ ಉಪನ್ಯಾಸಕ ಜನಾರ್ದನ ಡಾ. ರಾಜ್‌ಕುಮಾರ್ ಅವರ ಅಭಿಮಾನಿ. ತೆರೆಯ ಮೇಲಿನ ಚೆಲುವಿನ ಅಳತೆಗೋಲಿನಿಂದ ತನ್ನ ಬದುಕನ್ನು ಅಳೆಯುವ ಅವನ ಪಾಡಿನಲ್ಲಿ ಅಭಿಮಾನದ ಆಸರೆಯೂ ಅದರ ಭಾರವೂ ಒಟ್ಟಿಗೆ ಕಾಣುತ್ತವೆ. ಅಭಿಮಾನಿಗಳನ್ನು ದೇವರೆಂದು ಕರೆದ ರಾಜ್‌ಕುಮಾರ್, 1982ರ ಗೋಕಾಕ್ ಚಳವಳಿಯಲ್ಲಿ ಆ ಅಭಿಮಾನವನ್ನು ಭಾಷೆಯ ಹಕ್ಕೊತ್ತಾಯದತ್ತ ತಿರುಗಿಸಿದರು. 2021ರ ಅಕ್ಟೋಬರಿನಲ್ಲಿ ಅವರ ಮಗ, ನಟ ಪುನೀತ್ ರಾಜ್‌ಕುಮಾರ್ ನಿಧನರಾಗಿ ಅವರ ಕಣ್ಣುಗಳು ದಾನವಾದಾಗ, ಸಾವಿರಾರು ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು. ಅಭಿಮಾನವೆಂಬ ಶಕ್ತಿ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದು ಹರಿಯಲು ಎಂಥ ಕಾಲುವೆ ಸಿಕ್ಕಿತು ಎಂಬುದರ ಮೇಲೆ ಫಲ ನಿಂತಿದೆ.

ಗೇಮಿನ ತರ್ಕ ಕನ್ನಡಕ್ಕೆ ಸ್ಪಷ್ಟವಾಗಿ ಇಳಿದದ್ದು ಸಚಿನ್ ರವಿ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟನೆಯ ‘ಅವನೇ ಶ್ರೀಮನ್ನಾರಾಯಣ’ದಲ್ಲಿ (2019). ನಾಟಕ ಮಂಡಳಿಯೊಂದು ದೋಚಿದ ನಿಧಿಯ ಸುಳಿವನ್ನು ಕಾಲ್ಪನಿಕ ಊರಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಬಿಡಿಸುತ್ತ ಹೋಗುವ ಈ ಕಥೆಯಲ್ಲಿ, ಒಂದು ಒಗಟು ಬಿಡಿಸಿದರೆ ಮುಂದಿನ ಬಾಗಿಲು ತೆರೆಯುತ್ತದೆ. ಅಮೆರಿಕದ ಕೌಬಾಯ್ ಚಿತ್ರಗಳ ಮೇಲಿನ ಮೋಹವನ್ನು ಅಡಗಿಸಿಕೊಳ್ಳದ ಈ ಚಿತ್ರ, ಸುಳಿವುಗಳನ್ನು ಮಾತ್ರ ಕಂಪನಿ ನಾಟಕದ ಲೋಕದಲ್ಲಿ ಹುದುಗಿಸಿತು; ಹೊರಗಿನ ಪ್ರೇರಣೆ ಊರಿನ ಸಾಮಗ್ರಿಯೊಡನೆ ಬೆರೆತಾಗ ಉಂಟಾಗುವ ಲಾಭಕ್ಕೆ ಇದು ಒಳ್ಳೆಯ ಉದಾಹರಣೆ.

ಊರಿನ ಕಥೆ, ಊರಿನ ಮಾತು

ಉತ್ತರ ಕರ್ನಾಟಕದ ಆಡುಮಾತನ್ನು ಕನ್ನಡ ಸಿನಿಮಾ ಬಹುಕಾಲ ನಗೆಯ ಪಾತ್ರಗಳಿಗೇ ಮೀಸಲಿಟ್ಟಿತ್ತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ, ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಪೌಷ್ಟಿಕ ಪುಡಿಯ ಸರಪಳಿ ವ್ಯಾಪಾರಕ್ಕೆ ಬೀಳುವ ಕಥೆಯನ್ನು ಅಲ್ಲಿಯ ಮಾತಿನಲ್ಲೇ, ವೃತ್ತಿನಟರಲ್ಲದವರಿಂದಲೇ ಹೇಳಿ, 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಚಿದಾನಂದ ಎಸ್. ನಾಯ್ಕ್ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ವಿದ್ಯಾರ್ಥಿಯಾಗಿ ಮಾಡಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ 16 ನಿಮಿಷದ ಕಿರುಚಿತ್ರ, ಊರಿನ ಹುಂಜವನ್ನು ಮುದುಕಿಯೊಬ್ಬಳು ಕದ್ದದ್ದರಿಂದ ಬೆಳಗೇ ಆಗದೆ ಹೋದ ಕನ್ನಡ ಜನಪದ ಕಥೆಯನ್ನು ಆಧರಿಸಿದ್ದು. 2024ರ ಕಾನ್ ಚಿತ್ರೋತ್ಸವದಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಮೀಸಲಾದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಅದಕ್ಕೆ ದಕ್ಕಿತು. ಮುದುಕಿಯ ಹುಂಜದ ಕಥೆಯಲ್ಲಿಯೂ ಒಂದು ಆಟದ ನಿಯಮವೇ ಅಡಗಿದೆ: ಹುಂಜ ಕೂಗಿದರೆ ಮಾತ್ರ ಬೆಳಕು. ಅಸಂಗತವೆನಿಸುವ ಒಂದು ನಿಯಮವನ್ನು ಹಾಕಿ, ಅದಕ್ಕೆ ನಿಷ್ಠೆಯಿಂದ ನಡೆದುಕೊಂಡರೆ ಒಂದು ಇಡೀ ಲೋಕ ತಾನಾಗಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಜನಪದ ಕಥನಕಾರರೂ ಗೇಮ್ ರಚನಕಾರರೂ ಸಮಾನವಾಗಿ ಅರಿತಿದ್ದಾರೆ.

ಬೀಳಗಿ ಸೀಮೆಯಲ್ಲಿ ಇಂಥ ನಿಯಮಗಳು ಕಥೆಗಷ್ಟೇ ಸೀಮಿತವಾಗಿಲ್ಲ. ಆಲಮಟ್ಟಿ ಜಲಾಶಯದ ನೀರು ಈಗ ನಿಲ್ಲುವ ಗರಿಷ್ಠ ಮಟ್ಟ 519.60 ಮೀಟರ್; ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ವರ್ಷಗಟ್ಟಲೆ ಚರ್ಚೆಯಲ್ಲಿದೆ. ಈಗಿನ ಮಟ್ಟಕ್ಕೇ ಹಳೆಯ ಬಾಗಲಕೋಟೆಯ ಬೀದಿಗಳೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಹಳ್ಳಿಗಳೂ ನೀರಿಗೆ ಸಂದು, ಜನರು ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಊರು ಕಟ್ಟಿಕೊಂಡರು. ಈಗಿನ ಮಟ್ಟಕ್ಕೂ ಏರಿಸಬೇಕೆಂದಿರುವ ಮಟ್ಟಕ್ಕೂ ನಡುವಿನ ಅಂತರ ಯಾರ ಹೊಲ, ಯಾರ ಮನೆ, ಯಾವ ಗುಡಿ ಉಳಿಯುತ್ತದೆಂಬುದನ್ನು ತೀರ್ಮಾನಿಸುತ್ತದೆ. ಒಂದೊಂದು ಮಟ್ಟಕ್ಕೂ ಭೂಪಟವೇ ಬದಲಾಗುವ ಈ ವಾಸ್ತವ, ಚಲನಚಿತ್ರಕ್ಕೂ ಗೇಮಿಗೂ ಒದಗಬಲ್ಲ ಕಥಾಭೂಮಿ. ನೀರಿಗಿಳಿದು ಅಡಗಿದ ದುರ್ಯೋಧನನನ್ನು ಹತ್ತನೆಯ ಶತಮಾನದಲ್ಲೇ ಚಿತ್ರಿಸಿದ ನೆಲದಲ್ಲಿ, ನೀರಡಿಯ ಊರನ್ನು ಚಿತ್ರಿಸಲು ಬೇರೆ ಪುರಾಣವನ್ನು ಎರವಲು ತರಬೇಕಾಗಿಲ್ಲ.

ಕಲಿಕೆಯ ಕ್ರಮ

ಈ ಎಲ್ಲ ನಿದರ್ಶನಗಳಿಂದ ಹೊರಡುವ ತಾತ್ಪರ್ಯ ಹೊಸ ಕಲಾವಿದನಿಗೆ ಒಂದು ಕ್ರಮವನ್ನು ಸೂಚಿಸುತ್ತದೆ. ಮೊದಲನೆಯದು ಪುನರಾವರ್ತನೆ. ಮೆಚ್ಚಿದ ಚಿತ್ರವನ್ನು ಹತ್ತು ಸಲ ನೋಡುವುದು ಅಭಿಮಾನಿಗೆ ಸುಖ. ಪ್ರತಿಸಲವೂ ಒಂದೊಂದು ಅಂಗವನ್ನು, ಒಮ್ಮೆ ಧ್ವನಿಯನ್ನು, ಒಮ್ಮೆ ಕತ್ತರಿ ಬಿದ್ದ ಜಾಗವನ್ನು, ಒಮ್ಮೆ ಬೆಳಕಿನ ದಿಕ್ಕನ್ನು ಗುರುತಿಸುತ್ತ ನೋಡುವುದು ಕಲಿಯುವವನಿಗೆ ಅಭ್ಯಾಸ. ಎರಡನೆಯದು ನಿಯಮದ ಅರಿವು: ಗೇಮ್ ಆಡಿ ಗೆದ್ದವನು ಅದು ತನ್ನನ್ನು ಯಾವ ಹೊತ್ತಿನಲ್ಲಿ ಹೆದರಿಸಿತು, ಯಾವಾಗ ಬಹುಮಾನ ಕೊಟ್ಟಿತು, ಎಲ್ಲಿ ದಾರಿ ತಪ್ಪಿಸಿತು ಎಂದು ಬರೆದಿಟ್ಟರೆ ಚಿತ್ರಕಥೆಯ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಮೂರನೆಯದು ಮೀರುವುದು: ರನ್ನನು ಪಂಪನ ನಾಯಕನನ್ನು ಬದಲಿಸಿದಂತೆ, ಮೆಚ್ಚಿದ ಕೃತಿಗೆ ಒಂದು ಪ್ರಶ್ನೆ ಹಾಕದೆ ಹೊಸ ಕೃತಿ ಹುಟ್ಟುವುದಿಲ್ಲ. ಮೊದಲ ಮೆಟ್ಟಿಲಲ್ಲೇ ನಿಂತವರು ಜೀವಮಾನವಿಡೀ ಅಭಿಮಾನಿಗಳಾಗಿ ಉಳಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅವರಿಲ್ಲದೆ ಯಾವ ಕಲೆಯೂ ನಿಲ್ಲದು. ಆದರೆ ಮುಂದೆ ಹೋಗಬಯಸುವವರಿಗೆ ಕೆಳಗಿನ ಮೆಟ್ಟಿಲನ್ನು ಹಾರಿಹೋಗುವ ದಾರಿಯಿಲ್ಲ.

ಇದಕ್ಕೆ ಬೇಕಾದ ಸವಲತ್ತುಗಳಲ್ಲಿ ಉಪಕರಣದ ಕೊರತೆ ಈಗ ಅಷ್ಟು ದೊಡ್ಡದಲ್ಲ. ಫೋನಿನ ಕ್ಯಾಮೆರಾದಿಂದ ಚಿತ್ರೀಕರಿಸಿ ಫೋನಿನಲ್ಲೇ ಸಂಕಲನ ಮಾಡಬಹುದಾಗಿದೆ. ಕೊರತೆಯಿರುವುದು ಕಲಿಯಲು ಬೇಕಾದ ಆಕರಗಳಲ್ಲಿ. ಪಾರಿಜಾತದ ಹಿರಿಯ ಮೇಳಗಳ ಇಡೀ ರಾತ್ರಿಯ ಪ್ರಯೋಗಗಳು, ಹರದೇಶಿ-ನಾಗೇಶಿಯ ಸವಾಲ್-ಜವಾಬುಗಳು, ಅಮೀರಬಾಯಿ ಮತ್ತು ಗೋಹರಬಾಯಿಯವರ ಮುದ್ರಿಕೆಗಳು ಒಂದೆಡೆ ಕೇಳಲು, ನೋಡಲು ಸಿಗುವಂತಾದರೆ ಈ ಸೀಮೆಯ ಕಾಲೇಜು ವಿದ್ಯಾರ್ಥಿಗೆ ಅವು ಯಾವ ಚಲನಚಿತ್ರ ಶಾಲೆಗೂ ಕಡಿಮೆಯಿಲ್ಲದ ಪಾಠಶಾಲೆಯಾದಾವು. ಅದರ ಜೊತೆಗೆ, ಮಾಡಿದ ಕಿರುಚಿತ್ರವನ್ನು ಊರಿನ ನಡುವೆ ಪರದೆ ಕಟ್ಟಿ ತೋರಿಸುವ ರೂಢಿಯೂ ಬೆಳೆಯಬೇಕು. ಪಾರಿಜಾತ ನೋಡಿ, ಗೀಗೀ ಕೇಳಿ ಪಳಗಿದ ಈ ಸೀಮೆಯ ಜನ ಮೆಚ್ಚಿದ್ದನ್ನು ಮೆಚ್ಚಿದೆವೆಂದೂ ಮೆಚ್ಚದ್ದನ್ನು ಮೆಚ್ಚಲಿಲ್ಲವೆಂದೂ ಮುಖದ ಮೇಲೆ ಹೇಳುವವರು. ಹೊಸ ನಿರ್ದೇಶಕನ ಕೆಲಸ ಮೊದಲು ಅವರೆದುರು ನಿಂತು ಗೆಲ್ಲಲಿ.